ಎತ್ತಲಾಗದ ಮೂರು ಬೆರಳು

ದೀಪ ಆರಿಸಬೇಡಿ, ಸಣ್ಣ ಮಾಡಿದರೆ ಸಾಕು. ಇದು ನನ್ನ ದೊಡ್ಡಮ್ಮನ ಮಗ ತಿಹೊಮಿರನಿಗೆ ಆದದ್ದು. ಅವನು ಈಗಲೂ ಇದ್ದಾನೆ. ಇರುವುದೇ ಅವನ ಕಷ್ಟ.

ನವೆಂಬರ್ ತಿಂಗಳು. ಹೊಲದಲ್ಲಿ ಮೆಕ್ಕೆಜೋಳ ಕೊಯ್ದಾಗಿತ್ತು, ಊರ ತುಂಬ ಮಂಜು. ರಾತ್ರಿ ಹನ್ನೊಂದರ ಹೊತ್ತಿಗೆ ತಿಹೊಮಿರ್ ದೆಸಾಂಕಾ ಅತ್ತೆಯ ಮನೆಯಿಂದ ನಡೆದು ಬರುತ್ತಿದ್ದ. ಕೋಟಿನ ಒಳಜೇಬಿನಲ್ಲಿ ಒಂದು ಹಳೇ ಕ್ಯಾಸೆಟ್. ಓಣಿಯ ಕೊನೆಗೆ ಏತದ ಬಾವಿ. ನಲ್ಲಿ ಬಂದ ಮೇಲೆ ಅಲ್ಲಿ ಯಾರೂ ನೀರು ಸೇದುವುದಿಲ್ಲ, ಗಾಳಿ ಎದ್ದಾಗ ಏತದ ಮರ ಮಾತ್ರ ಕಿರ್ರ್... ಕಿರ್ರ್... ಅನ್ನುತ್ತದೆ. ಅವತ್ತು ಗಾಳಿ ಇರಲಿಲ್ಲ. ಏತವೂ ಸುಮ್ಮನಿತ್ತು. ಸದ್ದು ಬಂದದ್ದು ಬಾವಿಯ ಒಳಗಿನಿಂದ.

ಈಈಈಈ... ಒಂದೇ ಎಳೆ. ಏರಿಳಿತವೇ ಇಲ್ಲ.

ನಮ್ಮ ವಯಸ್ಸಿನವರಿಗೆ ಆ ಸದ್ದು ಚೆನ್ನಾಗಿ ಗೊತ್ತು. ಆಗೆಲ್ಲ ಕಂಪ್ಯೂಟರಿನ ಆಟ ಕ್ಯಾಸೆಟ್ಟಿನಲ್ಲಿ ಇರುತ್ತಿತ್ತು, ಬರೀ ಸದ್ದಾಗಿ. ಶನಿವಾರ ರಾತ್ರಿ ರೇಡಿಯೊದವರು ಆ ಸದ್ದನ್ನೇ ಊರಿಗೆಲ್ಲ ಬಿಡುತ್ತಿದ್ದರು. ನಾವು ರೇಡಿಯೊ ಮುಂದೆ ಟೇಪ್ ರೆಕಾರ್ಡರ್ ಇಟ್ಟು, ಮನೆಯವರೆಲ್ಲರ ಬಾಯಿ ಮುಚ್ಚಿಸಿ, ತುಂಬಿಕೊಳ್ಳುತ್ತಿದ್ದೆವು. ಯಾರಾದರೂ ಕೆಮ್ಮಿದರೆ ಆಟ ಕೆಟ್ಟಿತು. ಮೊದಲು ಈಈಈ ಅಂತ ಒಂದೇ ಎಳೆ. ತಯಾರಾಗಿ ಅಂತ ಅರ್ಥ. ಆಮೇಲೆ ಕ್ರ್ರ್ರ್ ಅಂತ ಹರಿದ ಸದ್ದು, ಅದೇ ಆಟ. ಬಾವಿಯಿಂದ ಬಂದದ್ದು ಮೊದಲನೆಯದು ಮಾತ್ರ. ಕ್ರ್ರ್ರ್ ಬರಲೇ ಇಲ್ಲ... ಕಾಯುತ್ತಿತ್ತು.

ಓಡಲಿಲ್ಲ ಅಂತ ತಿಹೊಮಿರ್ ಮರುದಿನ ನನ್ನೆದುರು ಆಣೆ ಮಾಡಿದ. ಅವನ ಎಡಗಾಲಿನ ಶೂ ಮಾತ್ರ ಓಣಿಯಲ್ಲಿ ಸಿಕ್ಕಿತು.

ಆ ಕ್ಯಾಸೆಟ್ಟು ದೆಸಾಂಕಾ ಅತ್ತೆಯ ಒಬ್ಬನೇ ಮಗ ರಾದಿವೊಯನದು. ತಿಹೊಮಿರನೂ ಅವನೂ ಒಂದೇ ಬೆಂಚಿನವರು. ಹದಿನೇಳಕ್ಕೆ ರಾದಿವೊಯ್ ಒಂದು ಆಟ ಬರೆದ, 'ಕತ್ತಲ ಮೆಟ್ಟಿಲು' ಅಂತ. ಮಹಾ ನಾಚಿಕೆಯ ಹುಡುಗ. ರೇಡಿಯೊದವರ ಹತ್ತಿರ ಹೋಗಲು ಹೆದರಿ, ನೀನೇ ಬಸ್ಸಿನಲ್ಲಿ ಹೋಗಿ ಕೊಟ್ಟು ಬಾ ಅಂತ ಗೆಳೆಯನ ಕೈಗೆ ಕೊಟ್ಟ. ಗೆಳೆಯ ಕೊಟ್ಟು ಬಂದ. ಕೊಡುವ ಮೊದಲು ಹೆಸರು ಅಳಿಸಿ ತನ್ನದು ಹಾಕಿಕೊಂಡ.

ಆ ಶನಿವಾರ ತಾಯಿ ಮಗ ರೇಡಿಯೊ ಮುಂದೆ ಕೂತಿದ್ದರು, ಪ್ರಸಾರವಾದದ್ದನ್ನು ನೆನಪಿಗೆ ಅಂತ ಟೇಪಿಗೆ ತುಂಬಿಕೊಳ್ಳಲು. ಬರೆದವರು ತಿಹೊಮಿರ್ ಅಂತ ರೇಡಿಯೊ ಹೇಳಿತು. ಈಈಈ ಶುರುವಾಯಿತು. ರಾದಿವೊಯ್ ಎದ್ದು, ಬಕೆಟ್ಟು ತಗೊಂಡು, ಹೊರಗೆ ಹೋದ. ಅವನ ಮುಖ ನೋಡಿ ತಾಯಿಗೆ ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ಟೇಪ್ ಓಡುತ್ತಿತ್ತಲ್ಲ... ಸದ್ದು ಮಾಡಬೇಡಮ್ಮ ಅಂತ ಮಗನೇ ಹೇಳಿದ್ದ. ತುಟಿಯ ಮೇಲೆ ಬೆರಳಿಟ್ಟುಕೊಂಡು ಐದು ನಿಮಿಷ ಕೂತಳು. ಆಟ ಪೂರ್ತಿ ಮುಗಿದ ಮೇಲೆ ಬಾವಿಗೆ ಓಡಿದಳು. ಕಾಲು ಜಾರಿ ಬಾವಿಗೆ ಬಿದ್ದ ಅಂತ ಊರವರು ಹೇಳಿದರು.

ತಿಹೊಮಿರ್ ಆ ಒಂದು ಆಟದ ಮೇಲೆ ಮೂವತ್ತು ವರ್ಷ ಮೆರೆದ. ರಾದಿವೊಯನ ಹೆಣದ ಪೆಟ್ಟಿಗೆಗೆ ಹೆಗಲು ಕೊಟ್ಟವನೂ ಅವನೇ. ನನಗೆ ಅವನ ಮೇಲೆ ಕನಿಕರ ಇಲ್ಲ, ಮೊದಲೇ ಹೇಳಿಬಿಡುತ್ತೇನೆ.

ಆಮೇಲೆ ಬೆಲ್‌ಗ್ರೇಡಿನಿಂದ ಫೋನು ಬಂತು. ಹಳೇ ಆಟಗಳನ್ನು ಬಿಚ್ಚಿ ಒಳಗೆ ಏನಿದೆ ಅಂತ ಹುಡುಕುವ ಮಂದಿ ಇದ್ದಾರೆ. ಬರೆಯುವವನು ತನ್ನ ಪರೀಕ್ಷೆಗೆ ಅಂತ ಇಟ್ಟುಕೊಂಡು ಮುಚ್ಚಿದ ಕಳ್ಳಬಾಗಿಲು, ಅರ್ಧಕ್ಕೆ ಬಿಟ್ಟ ಮೊದಲ ಪ್ರತಿ, ಇಂಥವೇ ಅವರಿಗೆ ಬೇಕು. ನಿಮ್ಮ ಆಟದಲ್ಲೂ ಒಂದು ಕಳ್ಳಬಾಗಿಲು ಇದೆ ಸಾರ್, ಕೀಬೋರ್ಡಿನ ಮೂರು ಕೀಲಿ ಒಟ್ಟಿಗೆ ಒತ್ತಬೇಕು ಅಂತ ಗೊತ್ತಾಗಿದೆ, ಯಾವ ಮೂರು ಅಂತ ನಾವು ಇಡುವ ಹಳೇ ಆಟಗಳ ಪ್ರದರ್ಶನದ ದಿನ ನೀವೇ ಒತ್ತಿ ತೋರಿಸಿ ಅಂದರು. ತಿಹೊಮಿರನಿಗೆ ಬೆವರು ಬಂತು. ತನ್ನದು ಅಂದುಕೊಂಡ ಮನೆಗೆ ಹಿತ್ತಲ ಬಾಗಿಲಿದೆ ಅಂತಲೇ ಅವನಿಗೆ ಗೊತ್ತಿರಲಿಲ್ಲ.

ಅದಕ್ಕೇ ಆ ರಾತ್ರಿ ದೆಸಾಂಕಾ ಅತ್ತೆಯ ಮನೆಗೆ ಹೋದದ್ದು. ರಾದಿವೊಯನ ಮೊದಲ ಪ್ರತಿ ಅವಳ ಹತ್ತಿರ ಇತ್ತು. ಬೀರುವಿನ ಮೇಲೆ ಚಳಿಗಾಲಕ್ಕೆ ಹರವಿಟ್ಟ ಹಳದಿ ಹಣ್ಣುಗಳ ನಡುವೆ, ಕರವಸ್ತ್ರದಲ್ಲಿ ಸುತ್ತಿ ಇಟ್ಟಿದ್ದಳು. ಅಳಿಸಿಹೋಗಬಾರದು ಅಂತ ಹುಡುಗ ಕ್ಯಾಸೆಟ್ಟಿನ ಮೇಲಂಚಿನ ಎರಡೂ ಚಕ್ಕೆ ಮುರಿದಿದ್ದ. ಒಳಗಿನ ಚೀಟಿಯಲ್ಲಿ ಮೂರು ಅಕ್ಷರ ಬರೆದಿದ್ದ, ಎಚ್, ಜೆ, ಕೆ.

ಅವಳು ಪಿಸುಗುಟ್ಟಿದಳು. "ನಂಗೆ ಒಂದು ಕಣ್ಣು ಹೋಯ್ತು ಮಗಾ. ಇನ್ನೊಂದು ಹೋಗೋದ್ರೊಳಗೆ ಪರದೆ ಮೇಲೆ ಅವನ ಹೆಸರು ಒಂದ್ಸಲ ತೋರ್ಸು. ಅಷ್ಟೇ."

"ಈ ಶನಿವಾರವೇ ತೋರಿಸ್ತೀನಿ ಅತ್ತೆ."

ಅದು ಸತ್ತವರ ಶನಿವಾರ. ವರ್ಷಕ್ಕೆ ನಾಲ್ಕು ಸಲ ಸ್ಮಶಾನಕ್ಕೆ ಬೇಯಿಸಿದ ಗೋಧಿ, ಮೇಣದಬತ್ತಿ ಒಯ್ಯುವ ದಿನ.

ಮನೆಗೆ ಬಂದು ತಿಹೊಮಿರ್ ಹಳೇ ಕಂಪ್ಯೂಟರು ಹೂಡಿ ಕ್ಯಾಸೆಟ್ಟು ಓಡಿಸಿದ. ಬಲಗೈಯ ಮೂರು ಬೆರಳಿನಿಂದ ಮೂರು ಕೀಲಿ ಒತ್ತಿದ. ಆಟದಲ್ಲಿ ಎಲ್ಲರಿಗೂ ಸಿಗುವುದು ಮೂರು ಜೀವ. ಇಲ್ಲಿ ಬೇರೆ ಸಾಲು ಬಂತು. ಜೀವ ಮುಗಿಯುವುದಿಲ್ಲ. ಅದರ ಕೆಳಗೆ, ಬರೆದವನು ರಾದಿವೊಯ್, ಅಮ್ಮನಿಗಾಗಿ. ಓದಿ, ಎದ್ದು, ಮುರಿದ ಚಕ್ಕೆಯ ತೂತುಗಳಿಗೆ ಅಂಟುಪಟ್ಟಿ ಹಚ್ಚಿದ. ಹಾಗೆ ಹಚ್ಚಿದರೆ ಕ್ಯಾಸೆಟ್ಟು ಮತ್ತೆ ಅಳಿಯುತ್ತದೆ, ನಮ್ಮ ಕಾಲದ ಮಕ್ಕಳಿಗೆಲ್ಲ ಗೊತ್ತಿದ್ದ ಉಪಾಯ. ರೇಡಿಯೊದಲ್ಲಿ ಬರುತ್ತಿದ್ದ ಅಕಾರ್ಡಿಯನ್ ಹಾಡುಗಳನ್ನು ಅದರ ಮೇಲೆ ತುಂಬಿಸಿದ.

ಶುಕ್ರವಾರ ಹೋಗಿ ಹೇಳಿದ, ಟೇಪು ಕೊಳೆತಿದೆ ಅತ್ತೆ, ಒಳಗೆ ಏನೂ ಇಲ್ಲ. ಅವಳು ಅಳಲಿಲ್ಲವಂತೆ. ಒಂದೇ ಮಾತು ಕೇಳಿದಳು.

"ಪೂರ್ತಿ ಕೇಳಿದ್ಯಾ?"

"ಪೂರ್ತಿ ಕೇಳ್ದೆ."

ಅವಳು ಬೆರಳನ್ನು ತುಟಿಯ ಮೇಲೆ ಇಟ್ಟುಕೊಂಡಳು. ಮುದುಕಿಗೆ ತಲೆ ಕೆಟ್ಟಿದೆ ಅಂತ ತಿಹೊಮಿರ್ ಬಂದು ನಗುತ್ತಾ ನನಗೆ ಹೇಳಿದ.

ಶನಿವಾರ ರಾತ್ರಿಯದನ್ನು ಹೇಳಿದ್ದು ದೊಡ್ಡಮ್ಮ. ಅವಳು ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ಟಕ್... ಟೇಪಿನ ಗುಂಡಿ ತಾನಾಗಿ ಕೆಳಗಿಳಿದ ಸದ್ದು. ಅಕಾರ್ಡಿಯನ್. ಅದರ ಅಡಿಯಿಂದ ಈಈಈ... ಹಾಡನ್ನು ಮೆಲ್ಲಗೆ ನುಂಗುತ್ತ ಬಂತು. ಮಗ ಗಡಬಡಿಸಿ ಎದ್ದು ವೈರು ಕಿತ್ತ ಸದ್ದು. ಕಿತ್ತರೂ ನಿಲ್ಲಲಿಲ್ಲ. ಆಮೇಲೆ ಕ್ರ್ರ್ರ್ರ್... ಆ ಕ್ರ್ರ್ರ್ ಒಳಗೆ ಏತದ ಕಿರ್ರ್. ಬಕೆಟ್ಟಿನ ಠಣ್. ಕೊನೆಗೆ ಧುಡುಂ.

ಆಮೇಲೆ ಮಗನ ದನಿ, ಪಿಸುಮಾತಿನಷ್ಟೇ.

"ಅಮ್ಮಾ... ಬೆರಳು ಬರ್ತಿಲ್ಲ."

ಬೆಳಿಗ್ಗೆ ಕಂಪ್ಯೂಟರಿಗೆ ಅಂಟಿದ್ದ ಅವನ ಕೈಯನ್ನು ನಾವು ನಾಲ್ಕು ಜನ ಸೇರಿ ಎಳೆದೆವು. ಮೂರು ಬೆರಳು, ಮೂರು ಕೀಲಿ. ಕೊನೆಗೆ ಕೀಲಿಗಳೇ ಕಿತ್ತು ಬಂದವು, ಬೆರಳ ತುದಿಯ ಚರ್ಮವೂ ಬಂತು. ಅವನ ಕಣ್ಣು ತೆರೆದಿತ್ತು. ಮಾತಿಲ್ಲ, ಕದಲಿಕೆ ಇಲ್ಲ. ಡಾಕ್ಟರು ನೋಡಿ ಇವತ್ತು ರಾತ್ರಿ ಕಳೆಯಲ್ಲ ಅಂದರು. ಆ ಡಾಕ್ಟರು ಸತ್ತು ಆರು ವರ್ಷವಾಯಿತು.

ಇದು ಒಂಬತ್ತನೇ ಚಳಿಗಾಲ. ತಿಹೊಮಿರ್ ಹಾಸಿಗೆಯಲ್ಲಿ ಹಾಗೇ ಇದ್ದಾನೆ. ಎಲುಬಿನ ಮೇಲೆ ಚರ್ಮ, ಬೆನ್ನೆಲ್ಲ ಹುಣ್ಣು. ನಿಮೋನಿಯಾ ಎರಡು ಸಲ ಬಂದು ಹೋಯಿತು. ಬಲಗೈಯ ಮೂರು ಬೆರಳು ಹಾಸಿಗೆಯನ್ನು ಒತ್ತಿಕೊಂಡೇ ಇವೆ. ಅವನ್ನು ಎತ್ತಿದರೆ ಅವನ ಉಸಿರು ನಿಲ್ಲುತ್ತದೆ. ಬಿಟ್ಟರೆ ಬೆರಳು ತಾವೇ ಇಳಿದು ಒತ್ತುತ್ತವೆ, ಉಸಿರು ಬರುತ್ತದೆ. ಸ್ನಾನ ಮಾಡಿಸುವಾಗ ದೊಡ್ಡಮ್ಮನಿಗೆ ತಿಳಿದದ್ದು. ಹೆತ್ತವಳು, ಎತ್ತಿ ಹಿಡಿದು ಮುಗಿಸುವುದು ಅವಳ ಕೈಯಲ್ಲಿ ಹೇಗೆ ಆದೀತು?

ಇದನ್ನು ಯಾರೂ ದೆಸಾಂಕಾ ಅತ್ತೆಗೆ ಹೇಳಿರಲಿಲ್ಲ. ಆದರೂ ಪ್ರತಿ ಸತ್ತವರ ಶನಿವಾರ ಅವಳು ಬರುತ್ತಾಳೆ. ಈಗ ಎರಡೂ ಕಣ್ಣಿಲ್ಲ, ಗೋಡೆ ಹಿಡಿದು ಬರುತ್ತಾಳೆ. ಸತ್ತವರಿಗೆ ಮಾಡುವ ಗೋಧಿಯನ್ನು ತಂದು ಬದುಕಿರುವವನ ದಿಂಬಿನ ಪಕ್ಕ ಇಡುತ್ತಾಳೆ. ಅವನ ಬಲಗೈ ತಡಕಿ ಮೂರು ಬೆರಳೂ ಎತ್ತಿ ಹಿಡಿಯುತ್ತಾಳೆ. ಇನ್ನೊಂದು ಕೈಯ ಬೆರಳನ್ನು ತನ್ನ ತುಟಿಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂರುತ್ತಾಳೆ.

ಹೋದ ತಿಂಗಳು ಮೇಣದಬತ್ತಿ ಹಿಡಿದು ನಾನೇ ಅಲ್ಲಿದ್ದೆ. ತಿಹೊಮಿರನ ಮುಖ ನೀಲಿ ತಿರುಗಿತು. ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು, ಅವನಿಗೆ ಎಲ್ಲ ಗೊತ್ತಾಗುತ್ತದೆ. ದೊಡ್ಡಮ್ಮ ನೆಲಕ್ಕೆ ಕುಸಿದು, "ಬಿಡಬೇಡ ದೆಸಾ, ಈ ಸಲ ಮುಗಿಸ್ಬಿಡು," ಅಂತ ಅವಳ ಕಾಲು ಹಿಡಿದಳು.

ದೆಸಾಂಕಾ ಅತ್ತೆ ಕೂತೇ ಇದ್ದಳು. ಆಮೇಲೆ ಬೆರಳು ಕೆಳಗಿಟ್ಟಳು. ಹಾಸಿಗೆ ಒತ್ತಿದ ಸದ್ದು, ಅವನ ಉಸಿರು ಸೀಳಿಕೊಂಡು ಬಂದ ಸದ್ದು. ಅವಳು ಎದ್ದು ಕೋಟು ಹಾಕಿಕೊಂಡು, ಬರುವ ಸತ್ತವರ ಶನಿವಾರ ಯಾವತ್ತು ಬೀಳುತ್ತೆ ಅಂತ ನನ್ನನ್ನು ಕೇಳಿದಳು.

ನಂಬಿ, ಬಿಡಿ. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಕಣ್ಣಿಲ್ಲದ ಮುದುಕಿ, ಗಡಿಯಾರ ಕಾಣದವಳು... ಬೆರಳು ಎತ್ತಿ ಹಿಡಿದದ್ದು ಸರಿಯಾಗಿ ಐದು ನಿಮಿಷ.