ಏಳು ಖಾಲಿ ತಂಬಿಗೆಗಳು

ದೇವರ ಮುಂದೆ ಹೋಗಿ ಬಾಯಿಬಿಟ್ಟು ಕೇಳಲು ನಮಗೆ ಯಾಕಿಷ್ಟು ಹಿಂಜರಿಕೆ? ಒಂದು ಕಥೆ ಹೇಳುತ್ತೇನೆ. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿರುವವರೂ ಕೇಳಿ.

ಒಂದೂರಿನಲ್ಲಿ ಕೊಟ್ಟಿಗೆ ತುಂಬ ಹಸುಗಳಿದ್ದ ಒಬ್ಬ ಮುದಿ ಸಾಹುಕಾರನಿದ್ದ. ಅದೇ ಬೀದಿಯ ಕೊನೆಯಲ್ಲಿ ಬಟ್ಟೆ ಹೊಲಿದು ಬದುಕುವ ಒಬ್ಬ ವಿಧವೆ. ಯೂನಿಕಮ್ಮ ಅಂತಿಟ್ಟುಕೊಳ್ಳೋಣ. ಅವಳ ಒಬ್ಬಳೇ ಮಗಳು ಟೈಫಾಯ್ಡ್‌ನಿಂದ ಎದ್ದಿದ್ದಳು. ಎದ್ದಿದ್ದಳು ಅಂದರೆ ಹೆಸರಿಗೆ, ಗೋಡೆ ಹಿಡಿದು ನಾಲ್ಕು ಹೆಜ್ಜೆ. ದಿನಾ ಹಾಲು ಕುಡಿಸದಿದ್ದರೆ ಮಗು ಚೇತರಿಸಿಕೊಳ್ಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಹಾಲು ಎಲ್ಲಿಂದ ತರುತ್ತಾಳೆ ಪಾಪ?

ಸುದ್ದಿ ಹೇಗೋ ಬೀದಿಯೆಲ್ಲ ಹಬ್ಬಿತು. ಮರುದಿನ ಬೆಳಿಗ್ಗೆ ಸಾಹುಕಾರನ ಮನೆಯ ಆಳು ಒಂದು ತಂಬಿಗೆ ನೊರೆಹಾಲು ತಂದಿಟ್ಟ. "ಸಾಹುಕಾರ್ರು ಕಳಿಸವ್ರೆ ಕಣವ್ವ. ತಂಬಿಗೆ ಮಾತ್ರ ನೀವೇ ತಂದ್ಕೊಡಬೇಕಂತೆ."

ನೀವೇ ತಂದ್ಕೊಡಬೇಕಂತೆ! ಯೂನಿಕಮ್ಮನಿಗೆ ಅನುಮಾನ ಬಂತು. ಕೇಳದೆ ಕೊಡುವವರು ಯಾರಿದ್ದಾರೆ ಈ ಕಾಲದಲ್ಲಿ? ಪಕ್ಕದ ಮನೆಯವಳು ಬೇರೆ ಉರಿಯುವ ಬೆಂಕಿಗೆ ತುಪ್ಪ ಸುರಿದಳು. "ಹುಷಾರು ಕಣಕ್ಕ. ನಿನ್ ಹಿತ್ತಲು ಅವ್ರ ಗದ್ದೆಗೆ ಅಂಟ್ಕೊಂಡೇ ಐತೆ. ಸುಮ್ಸುಮ್ನೆ ಯಾರು ಕೊಟ್ಟಾರು?"

ಯೂನಿಕಮ್ಮ ಹಾಲನ್ನು ಮೂಸಿ ನೋಡಿದಳು. ಮೊದಲು ಬೆಕ್ಕಿಗೆ ಹಾಕಿದಳು. ಬೆಕ್ಕು ಕುಡಿದು ಮಲಗಿಬಿಟ್ಟಿತು. ಅಯ್ಯೋ ದೇವರೇ! ಅಲ್ಲ, ಹೊಟ್ಟೆ ತುಂಬ ಹಾಲು ಕುಡಿದ ಬೆಕ್ಕು ಮಲಗದೆ ಕೀರ್ತನೆ ಹಾಡುತ್ತದೆಯೇ? ಅದು ಮೈಮುರಿದು ಎದ್ದ ಮೇಲೆಯೇ ಮಗಳಿಗೆ ಹಾಲು ಸಿಕ್ಕಿದ್ದು ನೋಡಿ.

ಇನ್ನು ತಂಬಿಗೆ. ನಮ್ಮ ಹೆಣ್ಣುಮಕ್ಕಳಿಗೆ ಗೊತ್ತು, ಇನ್ನೊಬ್ಬರ ಮನೆಯ ಪಾತ್ರೆಯನ್ನು ಬರಿದಾಗಿ ವಾಪಸು ಕೊಡುವುದಿಲ್ಲ. ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಇವಳ ಸಕ್ಕರೆ ಡಬ್ಬಿ ಬಡಿದರೆ ಸದ್ದು ಮಾತ್ರ ಬಂತು. ಏನೂ ಇಲ್ಲದೆ ಹೋಗಿ ನಿಂತರೆ ಹಿತ್ತಲನ್ನೇ ಕೇಳಿಬಿಟ್ಟಾನು! ತಂಬಿಗೆಯನ್ನು ತೊಳೆದು ಅಟ್ಟದ ಮೇಲಿಟ್ಟಳು. ಮರುದಿನ ಇನ್ನೊಂದು ಬಂತು. ಅದೂ ಅಟ್ಟಕ್ಕೆ. ಹೀಗೆ ಏಳು ದಿನ, ಏಳು ತಂಬಿಗೆ. ಮಗಳ ಕೆನ್ನೆ ಕೆಂಪಾಗುತ್ತಿತ್ತು, ತಾಯಿ ಮಾತ್ರ ಆಳಿನ ಹೆಜ್ಜೆ ಸದ್ದು ಕೇಳಿದರೆ ಸಾಕು, ಬಾಗಿಲ ಹಿಂದೆ ಅಡಗಿಕೊಳ್ಳುತ್ತಿದ್ದಳು.

ಎಂಟನೆಯ ದಿನ ಹಾಲು ಬರಲಿಲ್ಲ. "ನೋಡ್ದಾ, ನಾ ಹೇಳ್ನಿಲ್ವಾ?" ಎಂದಳು ಪಕ್ಕದವಳು. ಒಂಬತ್ತನೆಯ ದಿನವೂ ಇಲ್ಲ. ಹತ್ತನೆಯ ದಿನ ಮಗಳು ಬಾಗಿಲವರೆಗೆ ನಡೆದವಳು ಅಲ್ಲೇ ಕುಸಿದು ಬಿದ್ದಳು.

ಅಷ್ಟೇ. ಯೂನಿಕಮ್ಮನಿಗೆ ಹಿತ್ತಲೂ ಬೇಡವಾಯಿತು, ಮರ್ಯಾದೆಯೂ ಬೇಡವಾಯಿತು. ಏಳೂ ತಂಬಿಗೆಗಳನ್ನು ಚೀಲಕ್ಕೆ ತುಂಬಿ, ಬೀದಿಯವರೆಲ್ಲ ನೋಡುತ್ತಿದ್ದಂತೆ ಸಾಹುಕಾರನ ಅಂಗಳಕ್ಕೆ ಹೋಗಿ ನಿಂತಳು.

"ಖಾಲಿ ತಂಬಿಗೆ ತಂದಿವ್ನಿ ಸಾಹುಕಾರ್ರೆ. ಹಾಕಕ್ಕೆ ಮನೇಲಿ ಏನೂ ಇರ್ನಿಲ್ಲ, ಅದ್ಕೇ ಬರ್ನಿಲ್ಲ," ಅಂದವಳು ಅಳು ನುಂಗಿಕೊಂಡು ಕೇಳಿಯೇಬಿಟ್ಟಳು. "ನಾನೇ ತರ್ಬೇಕು ಅಂದ್ರಲ್ಲ, ನಿಮ್ಗೆ ನನ್ನಿಂದ ಏನಾಗ್ಬೇಕಿತ್ತು?"

ಮುದುಕ ಕೊಟ್ಟಿಗೆಯಿಂದ ಎದ್ದು ಬಂದ. "ನಿನ್ನಿಂದ ನಂಗೇನಾಗ್ಬೇಕವ್ವ? ಮಗೀಗೆ ಹೆಂಗೈತೆ ಅಂತ ನಿನ್ ಬಾಯಿಂದ್ಲೇ ಕೇಳಾನ ಅಂತಿದ್ದೆ. ತಂಬ್ಗೆ ಒಂದೂ ವಾಪಸ್ ಬರ್ನಿಲ್ಲ, ನಮ್ಮನೆ ಹಾಲು ನಿಂಗೆ ಬ್ಯಾಡವೇನೋ ಅನ್ಕಂಡೆ." ಚೀಲದಿಂದ ಒಂದು ತಂಬಿಗೆ ಎತ್ತಿಕೊಂಡ. "ಖಾಲಿ ಖಾಲಿ ಅಂತ ಅಳ್ತೀಯಲ್ಲ, ತುಂಬಿರೋ ತಂಬ್ಗೆಗೆ ನಾ ಹಾಲು ಹೆಂಗೆ ಕರೀಲಿ?"

ಈಗ ನಗುತ್ತಿರುವವರು ಸ್ವಲ್ಪ ಇತ್ತ ನೋಡಿ. ದೇವರು ಕೊಟ್ಟ ಹಾಲನ್ನು ಬೆಕ್ಕಿಗೆ ಹಾಕಿ ಪರೀಕ್ಷಿಸುವವರು ನಾವಲ್ಲವೇ? ಆಪರೇಷನ್ ಚೆನ್ನಾಗಿ ಆಯಿತು, ಮಗಳಿಗೆ ಒಳ್ಳೆಯ ಮನೆ ಸಿಕ್ಕಿತು. 'ದೇವರೇ, ನಿನಗೆ ಸ್ತೋತ್ರ' ಅನ್ನುವ ಬದಲು 'ಇಷ್ಟು ಒಳ್ಳೆಯದಾಗಿದೆ, ಮುಂದೆ ಏನು ಕಾದಿದೆಯೋ' ಅನ್ನುತ್ತೇವೆ. ಅನುಮಾನ! ನಮಗಾಗಿ ಸ್ವಂತ ಮಗನನ್ನೇ ಕೊಟ್ಟ ತಂದೆಯ ಮೇಲೆ ಅನುಮಾನ! 'ಪಾಸ್ಟರೇ, ನೀವೇ ಪ್ರಾರ್ಥನೆ ಮಾಡಿ, ನಾವು ಯಾವ ಮುಖ ಇಟ್ಟುಕೊಂಡು ಕೇಳೋಣ' ಅನ್ನುತ್ತೀರಿ. ಮಾಡುತ್ತೇನೆ, ಸಂತೋಷವಾಗಿ ಮಾಡುತ್ತೇನೆ. ಆದರೆ ನಾನು ಬರೀ ಆಳು. ಆತನು ಕೇಳಬೇಕೆಂದಿರುವುದು ನಿಮ್ಮ ಬಾಯಿಂದ.

ತಂಬಿಗೆ ಬರಲಿಲ್ಲವೆಂದು ದೇವರು ಹಾಲು ನಿಲ್ಲಿಸುವವನಲ್ಲ. ನನ್ನ ಕಥೆ ಅಲ್ಲಿ ಕುಂಟುತ್ತದೆ, ಒಪ್ಪುತ್ತೇನೆ. ಆದರೆ ಆತನ ಹಾಲು ಕುಡಿಯುತ್ತಲೇ ಆತನಿಗೆ ಹೆದರಿ ಅಡಗಿಕೊಳ್ಳುವುದೂ ಒಂದು ಬದುಕೇ?

ನಾಳೆ ಬೆಳಿಗ್ಗೆ ಒಲೆ ಹಚ್ಚುವ ಮೊದಲು, ಫೋನು ಮುಟ್ಟುವ ಮೊದಲು, ಇವತ್ತು ಸಿಕ್ಕಿದ್ದರಲ್ಲಿ ಒಂದನ್ನು ಹೆಸರು ಹಿಡಿದು ಹೇಳಿ ಸ್ತೋತ್ರ ಮಾಡಿ. ಆಮೇಲೆ ಬೇಕಾದ್ದನ್ನು ಮಕ್ಕಳು ಕೇಳಿದ ಹಾಗೆ ಕೇಳಿ. 'ಇದು ಕೊಟ್ಟರೆ ಅದು ಮಾಡುತ್ತೇನೆ ಸ್ವಾಮಿ' ಅನ್ನುವ ಒಂದು ಚಮಚ ಸಕ್ಕರೆ ಬೇಡ. ಅಟ್ಟದ ಮೇಲಿನ ತಂಬಿಗೆ ಇಳಿಸಿ. ಖಾಲಿಯಾಗಿಯೇ ತೆಗೆದುಕೊಂಡು ಹೋಗಿ. ಆ ಅಂಗಳದ ಗೇಟಿಗೆ ಚಿಲಕ ಹಾಕಿಲ್ಲ.