ಇಂಗ್ಲಿಷ್ ನಟನ ಕನ್ನಡಿಗೆ ಸಿಕ್ಕಿಸಿದ ನವಿಲುಗರಿ

...ಅಲ್ಲ ಅಲ್ಲ, ಆ ಗರಿ ಕಥೆ ನಿಮ್ಮ ತಾತನ್ನ ಹಾರ್ಬರ್ ಪಕ್ಕದ ತಂಜಾಂಗ್ ಪಗಾರ್ ಏರಿಯಾದ ಆಫೀಸಿಂದ ತೆಗೆದ್ಮೇಲಿನದು, ಮುಂಚೆ ಅಲ್ಲ. ಮುಂಚೆ ಆಗಿದ್ರೆ ನಾನ್ಯಾಕೆ ನಾಟಕದ ಥಿಯೇಟರ್‌ಗೆ ಕೆಲಸಕ್ಕೆ ಹೋಗ್ತಿದ್ದೆ ಹೇಳಿ? ತಾತ ದಿನಾ ಟೈ ಕಟ್ಕೊಂಡು ಕೆಲಸ ಹುಡುಕ್ಕೊಂಡು ಹೋಗೋರು, ಸಂಜೆ ಬಂದು ಈ ಕಾರಿಡಾರಲ್ಲೇ, ನೀವೀಗ ಕೂತಿದ್ದೀರಲ್ಲ ಅಲ್ಲೇ, ಸುಮ್ನೆ ಕೂತ್ಬಿಡೋರು. ನಿಮ್ಮಪ್ಪ ಇನ್ನೂ ಪ್ರೈಮರಿ ಸ್ಕೂಲು. ಹಾಲಿಗೆ ನೀರು ಬೆರೆಸಿ ಬೆರೆಸಿ ನಮ್ಮನೆ ಕಾಫಿಲಿ ಬರೀ ಬಣ್ಣ ಉಳಿದಿತ್ತು. ಆಗ ಕೆಳಗಿನ ಮನೆ ಟೈಲರ್ ಆಂಟಿ ಹೇಳಿದ್ಲು, ಲಂಡನ್ ಕಂಪನಿ ನಾಟಕ ಬರ್ತಿದೆ, ಡ್ರೆಸರ್ ಬೇಕಂತೆ, ಹೋಗು ಅಂತ. ಡ್ರೆಸರ್ ಅಂದ್ರೆ ನಟರಿಗೆ ಬಟ್ಟೆ ತೊಡಿಸೋದು, ಗುಂಡಿ ಹಾಕೋದು, ಸೀನ್ ಮಧ್ಯ ಕೋಟು ಬದಲಾಯ್ಸೋದು. ಬೇರೆ ಗಂಡಸಿಗೆ ಕೋಟು ತೊಡಿಸೋದಾ ಅಂತ ನನಗೆ ಒಂಥರಾ ಆಯ್ತು. ಆದ್ರೆ ಥಿಯೇಟರ್‌ನೋರು, ಈ ನಾಟಕದಲ್ಲಿ ಸರಿಯಾಗಿ ಮಾಡಿದ್ರೆ ಕೆಲಸ ಪರ್ಮನೆಂಟ್ ಅಂದ್ರು. ಪರ್ಮನೆಂಟ್ ಅಂದ್ಮೇಲೆ ಗುಂಡಿ ಏನು, ಮೀಸೆ ಬೇಕಾದ್ರೂ ಅಂಟಿಸ್ತೀನಿ ಅಂದ್ಕೊಂಡು ಹೋದೆ.

ಹೋಗಿ ನೋಡ್ತೀನಿ, ರೂಮಲ್ಲಿ ಕೂತಿರೋದು ಯಾರು? ನಾನು ಮೈಸೂರಲ್ಲಿ ಹುಡುಗಿ ಆಗಿದ್ದಾಗ ಮ್ಯಾಟಿನಿ ಶೋನಲ್ಲಿ ಬಾಯಿ ಬಿಟ್ಕೊಂಡು ನೋಡಿದ್ದ ಇಂಗ್ಲಿಷ್ ಆ್ಯಕ್ಟರು! ಕೂದಲೆಲ್ಲ ಬೆಳ್ಳಗಾಗಿತ್ತು, ಆದ್ರೆ ದನಿ ಅದೇ ದನಿ. ಅವರು 'ಗುಡ್ ಆಫ್ಟರ್‌ನೂನ್' ಅಂದ್ರೆ ಸಾಕು, ನನ್ನ ಮೈ ಜುಂ ಅನ್ನೋದು. ಬೆರಳೆಲ್ಲ ಸಂಧಿವಾತಕ್ಕೆ ಸೊಟ್ಟ ಆಗಿದ್ವು, ಗುಂಡಿ ಹಾಕ್ಕೊಳ್ಳೋಕಾಗ್ತಿರಲಿಲ್ಲ. ನಾನು ಹಾಕ್ತಾ ಇದ್ರೆ ಅವರು ಕಥೆ ಹೇಳೋರು. ಅಪ್ಪ ಮೀನು ಮಾರೋನಂತೆ. ಯುದ್ಧ ಮುಗಿದ್ಮೇಲೂ ಅವರೂರಲ್ಲಿ ಸಕ್ಕರೆಗೆ ಕ್ಯೂ ಅಂತೆ. ಇವರು ಸ್ಟೇಜ್ ಗುಡಿಸೋ ಕೆಲಸಕ್ಕೆ ಸೇರಿ, ಯಾರೋ ಆ್ಯಕ್ಟರ್‌ಗೆ ಜ್ವರ ಬಂದು, ಇವರಿಗೆ ಒಂದೇ ಒಂದು ಸಾಲಿನ ಪಾರ್ಟು ಸಿಕ್ತಂತೆ. ಆಮೇಲೆ ವರ್ಷಗಟ್ಟಲೆ ನಾಟಕ ಕಂಪನಿ ಜೊತೆ ಊರೂರು ಅಲೆದು, ಚಳಿ ರೂಮಲ್ಲಿ ಬ್ರೆಡ್ ತಿಂದ್ಕೊಂಡು, ಅದಾದ್ಮೇಲೆ ಸಿನಿಮಾ. ನೋಡಿ, ಮೀನು ಮಾರೋನ ಮಗ, ಸಿನಿಮಾದಲ್ಲಿ ಬರೀ ಲಾರ್ಡು, ಇಲ್ಲಾ ಜಡ್ಜು! ನಾನೂ ನಮ್ಮನೆ ಕಷ್ಟ ಹೇಳ್ಕೊಂಡೆ. ಅಷ್ಟು ದೊಡ್ಡ ಮನುಷ್ಯ, 'ನಿಮ್ಮ ಯಜಮಾನ್ರಿಗೆ ಕೆಲಸ ಸಿಕ್ತಾ?' ಅಂತ ದಿನಾ ಕೇಳೋರು.

ಹಾಂ, ಗರಿ ವಿಷ್ಯ. ಮೊದಲ್ನೇ ಶೋ ದಿನ ಒಳ್ಳೇದಾಗ್ಲಿ ಅಂತ, ನಮ್ಮ ದೇವರ ಗೂಡಲ್ಲಿ ಕೃಷ್ಣನ ಫೋಟೋಗೆ ಸಿಕ್ಕಿಸಿದ್ದ ನವಿಲುಗರಿ ತಗೊಂಡ್ಹೋಗಿ ಅವರ ಕನ್ನಡಿಗೆ ಸಿಕ್ಕಿಸಿದೆ. ಎಷ್ಟು ಚೆನ್ನಾಗಿ ಕಾಣ್ತಿತ್ತು ಗೊತ್ತಾ! ಅವರು ಒಳಗೆ ಬಂದ್ರು, ನೋಡಿದ್ರು, ಮುಖ ಬಿಳುಚ್ಕೊಳ್ತು. ಮೊದಲೇ ಬಿಳಿ ಮನುಷ್ಯ, ಇನ್ನೆಷ್ಟು ಬಿಳುಚ್ಕೊಳ್ಳೋದು! ಹಿಂದೇನೇ ಸ್ಟೇಜ್ ಮ್ಯಾನೇಜರ್ ಹೆಂಗಸು ಬಂದು ಕಿರುಚಿದ್ಲು, 'ಯಾರು ಇದನ್ನ ಇಲ್ಲಿ ಇಟ್ಟಿದ್ದು?' ಅಂತ. ಅವರ ನಾಟಕದೋರಿಗೆ ನವಿಲುಗರಿ ಮಹಾ ಅಪಶಕುನ ಅಂತೆ, ಆ ಕಣ್ಣಿದೆಯಲ್ಲ, ಅದು ಕೆಟ್ಟ ಕಣ್ಣಂತೆ, ಒಳಗೆ ಬಂದ್ರೆ ನಾಟಕ ಕೆಡುತ್ತಂತೆ. ನನಗೇನು ಗೊತ್ತು? ನಾವು ಪುಸ್ತಕದಲ್ಲಿಟ್ಟು ಮರಿ ಹಾಕುತ್ತೆ ಅಂತ ಕಾಯ್ದೋರು. ಅವಳು ಗರೀನ ಪೇಪರಲ್ಲಿ ಸುತ್ತಿ ಆಚೆ ಕಳ್ಸಿ, 'ಇವತ್ತು ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀನೇ ಜವಾಬ್ದಾರಿ' ಅಂದ್ಲು.

ನಾಟಕ ಶುರುವಾಯ್ತು. ಅವರದು ಮುದಿ ಜಡ್ಜ್ ಪಾರ್ಟು. ನಾನು ಪಕ್ಕದ ಪರದೆ ಹಿಂದೆ ಕೋಟು ಹಿಡ್ಕೊಂಡು, ಕೃಷ್ಣಾ, ಏನೂ ಆಗದೇ ಇರ್ಲಪ್ಪಾ ಅಂತ ನಿಂತಿದ್ದೀನಿ. ದೊಡ್ಡ ಸೀನು, ಅವರು ಮಾತಾಡ್ತಾ ಮಾತಾಡ್ತಾ ನಿಂತ್ಬಿಟ್ರು. ಮಾತಿಲ್ಲ. ಆ ಹೆಂಗಸು ನನ್ನ ಕಡೆ ತಿರುಗಿ ಕೆಂಡ ಕಾರ್ತಿದ್ದಾಳೆ. ಆಮೇಲೆ ಅವರು ನಿಧಾನಕ್ಕೆ ತಲೆ ಎತ್ತಿ, ಪಿಸುಮಾತಲ್ಲಿ ಮುಂದುವರ್ಸಿದ್ರು ನೋಡಿ, ಇಡೀ ಥಿಯೇಟರ್ ಅಳ್ತಾ ಇತ್ತು. ನಾನೂ ಅತ್ತೆ. ಹೆದರಿಕೆಗೋ ಆ್ಯಕ್ಟಿಂಗಿಗೋ ನನಗೇ ಗೊತ್ತಾಗ್ಲಿಲ್ಲ.

ಪರದೆ ಬಿತ್ತು. ಆ ಹೆಂಗಸು ಎಲ್ರ ಮುಂದೆ, 'ಸಾರ್ ಮಾತು ಮರೆತಿದ್ದು ಇವಳ ಗರಿಯಿಂದ, ಇವಳು ನಾಳೆಯಿಂದ ಬರಬಾರದು' ಅಂದ್ಲು.

"ಅಜ್ಜಿ, ದಟ್ಸ್ ಸೋ ಅನ್‌ಫೇರ್ ಲಾ!"

ಇರು ಪುಟ್ಟಾ, ಕೇಳು. ಅವರು ಅರ್ಧ ಮೇಕಪ್ ಒರೆಸ್ಕೊಂಡಿದ್ರು, ಟವೆಲ್ ಕೆಳಗಿಟ್ಟು ಎದ್ದು ಬಂದ್ರು. 'ಗರಿಯಿಂದಲ್ಲ,' ಅಂದ್ರು. 'ನನಗೆ ಬಹಳ ದಿನದಿಂದ ಮಾತು ಮರೆತುಹೋಗ್ತಿದೆ. ಲಂಡನ್‌ನಲ್ಲೂ ಮರೆತಿದ್ದೆ. ನೀವೆಲ್ಲ ಅದನ್ನ ನಟನೆ ಅಂದ್ಕೊಂಡ್ರಿ. ಅಲ್ಲಿ ಗರಿ ಇರಲಿಲ್ಲ.' ನಿಮಗೆ ಅರ್ಥ ಆಯ್ತಾ? ವಯಸ್ಸಾದ ಆ್ಯಕ್ಟರು ಮಾತು ಮರೆಯುತ್ತೆ ಅಂತ ತನ್ನ ಬಾಯಲ್ಲೇ ಹೇಳಿದ್ರೆ ಮುಗೀತು, ಆಮೇಲೆ ಯಾರು ಕರೀತಾರೆ? ನಾನು ರೂಮಿಗೆ ಹೋಗಿ, 'ಯಾಕೆ ಸಾರ್ ಹೇಳಿದ್ರಿ?' ಅಂದೆ. ಅವರು ನಾನು ಗುಂಡಿ ಬಿಚ್ಚಲಿ ಅಂತ ಕೈ ಮುಂದೆ ಚಾಚಿ, 'ನನ್ನ ಕೆಲಸ ನಾನು ಹೊಟ್ಟೆ ತುಂಬ ಮಾಡಿದ್ದೀನಮ್ಮಾ, ನಿಮ್ಮದು ಈಗ ಶುರುವಾಗಿದೆ' ಅಂದ್ರು. ಆ ಟೂರ್ ಆದ್ಮೇಲೆ ಅವರು ಮತ್ತೆ ಸ್ಟೇಜ್ ಹತ್ತಲಿಲ್ಲ. ಸಿನಿಮಾದಲ್ಲಿ ಒಂದೆರಡು ಸಲ ಬಂದ್ರು, ಮಾತಿಲ್ಲದ ತಾತನ ಪಾರ್ಟು. ನಾನು ರಿಟೈರ್ ಆಗೋತನಕ ಅದೇ ಥಿಯೇಟರಲ್ಲಿದ್ದೆ, ನಿಮ್ಮಪ್ಪ ಓದಿದ್ದು ಆ ಸಂಬಳದಲ್ಲೇ. ಅದಕ್ಕೇ ಹೇಳೋದು ಮಕ್ಳಾ, ತಪ್ಪು ಹೊರಿಸೋಕೆ ಇನ್ನೊಬ್ರ ತಲೆ ರೆಡಿ ಇರುವಾಗ, ನಂದು ಅಂತ ಮುಂದೆ ಬರೋನೇ ದೊಡ್ಡೋನು. ಸರಿ, ಏಳಿ, ಸಾರು ಆರೋಗುತ್ತೆ.