ನೋವಿಗೆ ಎಷ್ಟು ಅಂಕ?

ಮಾನ್ಯ ಅಧ್ಯಕ್ಷೆ ಶ್ರೀಮತಿ ತೋರುಪ್ ಅವರೇ, ಇಂದು ನಾವು ಬೀಳ್ಕೊಡುತ್ತಿರುವ ಫಿಸಿಯೋಥೆರಪಿಸ್ಟ್ ಸಿಸೆಲ್ ಅವರೇ, ಕಾಫಿ ಆರುವ ಮೊದಲೇ ನಾನು ಕೂರಲಿ ಎಂದು ಕಾದಿರುವ ಸಭಿಕರೇ,

ಸಿಸೆಲ್ ಅವರ ಕೈಯಲ್ಲಿ ಪಳಗಿದ ರೋಗಿಗಳ ಪರವಾಗಿ ನಾಲ್ಕು ಮಾತಾಡಲು ನನ್ನನ್ನು ನಿಲ್ಲಿಸಿದ್ದಾರೆ. ನಾನು ಎವಾಲ್ಡ್, ಈ ಬಂದರಿನಲ್ಲಿ ಮೀನಿನ ಬಲೆ ಹೆಣೆದು ಬದುಕಿದವನು. ಭಾಷಣ ಮಾಡಿ ಅಭ್ಯಾಸವಿಲ್ಲ.

ಎಡಭುಜದ ಶಸ್ತ್ರಚಿಕಿತ್ಸೆಯಾಗಿ ಇವರ ಬಳಿ ಹೋದಾಗ ಆಸ್ಪತ್ರೆಯ ಚೀಟಿಯಲ್ಲಿ ‘ಅಬ್ಡಕ್ಷನ್’ ಎಂದಿತ್ತು. ಇದ್ಯಾವ ಹೊಸ ಕಾಯಿಲೆ ಎಂದು ಹೆದರಿದ್ದೆ. ಸಿಸೆಲ್ ನಕ್ಕು, “ಕೈನ ಪಕ್ಕಕ್ಕೆ ಎತ್ತೋದು ಕಣ್ರೀ, ಹಕ್ಕಿ ರೆಕ್ಕೆ ಬಿಚ್ಚಲ್ವಾ, ಹಾಗೆ” ಎಂದರು. ‘ಟೆಂಡನ್’ ಎಂದರೆ ಸ್ನಾಯುವನ್ನು ಎಲುಬಿಗೆ ಬಿಗಿದ ಹುರಿ ಎಂದರು. ಹುರಿಯ ವಿಷಯ ನನಗೆ ಬಿಡಿಸಿ ಹೇಳಬೇಕೇ?

ಕಷ್ಟದ ಪದಗಳನ್ನೆಲ್ಲ ಕಲಿತೆ. ಎಡವಿದ್ದು ಒಂದು ಸಾದಾ ಪ್ರಶ್ನೆಯಲ್ಲಿ. “ಸೊನ್ನೆಯಿಂದ ಹತ್ತರ ತನಕ, ನಿಮ್ಮ ನೋವಿಗೆ ಎಷ್ಟು ಕೊಡ್ತೀರಿ?”

“ಎರಡು” ಎಂದೆ. ಸಭಿಕರೇ, ಈ ಕರಾವಳಿಯಲ್ಲಿ ಎರಡಕ್ಕಿಂತ ಹೆಚ್ಚು ಹೇಳಿದವರನ್ನು ನೀವು ಕಂಡಿದ್ದೀರಾ? ಚಾವಣಿ ಹಾರಿಹೋದರೂ ‘ಸ್ವಲ್ಪ ಗಾಳಿಯಿದೆ’ ಎನ್ನುವವರು ನಾವು. ಸಿಸೆಲ್ ರಾಜಧಾನಿ ಕೋಪನ್‌ಹೇಗನ್ನಿನವರು, ಪಾಪ, ನಂಬಿದರು. ಎರಡೇ ತಾನೇ ಎಂದು ತೂಕ ಎತ್ತಿಸಿದರು. ನಾನು ಹಲ್ಲು ಕಚ್ಚಿ ಎತ್ತಿದೆ. ಭುಜ ಊದಿಕೊಂಡಿತು.

ಬರೀ ಜಂಬ ಅಂದುಕೊಳ್ಳಬೇಡಿ. ನನ್ನ ಹೆಂಡತಿ ಮಾರೆನ್‌ಗೆ ಪಾರ್ಶ್ವವಾಯು ಬಡಿದ ಮೇಲೆ ಅವಳನ್ನು ಹಾಸಿಗೆಯಿಂದ ಕುರ್ಚಿಗೆ ಎತ್ತಿ ಕೂರಿಸುತ್ತಿದ್ದವನು ನಾನು. ನನ್ನ ಭುಜ ವಾಸಿಯಾಗುವವರೆಗೆ ಮಾತ್ರ ಪುರಸಭೆಯ ದಾದಿಯರು ಬಂದು ಆ ಕೆಲಸ ಮಾಡುವುದೆಂದಾಗಿತ್ತು. ವಾಸಿಯಾಗದು ಎಂದು ತಿಳಿದರೆ ಅವಳನ್ನು ವೃದ್ಧಾಶ್ರಮಕ್ಕೆ ಒಯ್ಯುತ್ತಾರೆಂದು ನನಗೆ ಜೀವಭಯವಿತ್ತು. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂತು.

ಒಂದು ದಿನ ಸಿಸೆಲ್ ಮನೆಗೇ ಬಂದರು. ಭುಜ ಮುಟ್ಟಿ, “ಎಷ್ಟು?” ಎಂದರು.

“ಎರಡು.”

ಕುರ್ಚಿಯಲ್ಲಿದ್ದ ಮಾರೆನ್ ಸಿಡಿದಳು. “ಸುಳ್ಳು ಬೊಗಳ್ಬೇಡ ಮಾರಾಯ! ರಾತ್ರಿಯೆಲ್ಲ ನರಳೋದ್ಯಾರು, ಪಕ್ಕದ್ಮನೆ ನಾಯಿನಾ? ಎಂಟು ಅಂತ ಬರ್ಕೊಳಮ್ಮ!”

“ಎಂಟು ಅಂದ್ರೆ ನಿನ್ನ ಕರ್ಕೊಂಡ್ಹೋಗ್ತಾರೆ ಕಣೇ” ಎಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು.

ಸಿಸೆಲ್ ನನ್ನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು. “ಈ ಭುಜ ಇನ್ನು ಇವರನ್ನ ಎತ್ತಲ್ಲ, ಎವಾಲ್ಡ್. ಆದ್ರೆ ಎತ್ತಿ ಕೂರಿಸೋ ಯಂತ್ರ ಇದೆ. ಪುರಸಭೆಯವರೇ ಮನೆಗೆ ತಂದು ಹಾಕ್ತಾರೆ. ನೀವು ಎರಡು ಎರಡು ಅಂತಿದ್ರೆ ನಾನು ಹೇಗ್ರೀ ಕೇಳ್ಲಿ?”

ಯಂತ್ರ ಬಂತು. ಮಾರೆನ್ ಮನೆಯಲ್ಲೇ ಉಳಿದಳು.

ಆಮೇಲೆ ಸಿಸೆಲ್ ಇನ್ನೊಂದು ಪದ ಕಲಿಸಿದರು: ‘ಪ್ಯಾಸಿವ್ ವ್ಯಾಯಾಮ’. ಅಂದರೆ ನಾವು ಕೈ ಸಡಿಲ ಬಿಟ್ಟು ಕೂರುವುದು, ಬೇರೆಯವರು ಅದನ್ನು ಮೆಲ್ಲಗೆ ಎತ್ತುವುದು. ನನಗೆ ಮಾಡಿಸಲು ಮನೆಯಲ್ಲಿ ಯಾರಿದ್ದಾರೆ? ಮಾರೆನ್‌ಗೇ ಕಲಿಸಿದರು. ಅವಳ ಬಲಗೈಯಲ್ಲಿ ಇನ್ನೂ ಶಕ್ತಿಯಿದೆ. ನಾನು ಅಭ್ಯಾಸಬಲದಿಂದ ಕೈ ಬಿಗಿದರೆ, “ಬಿಡೋ, ನಂಗ್ ಬಿಡು” ಎಂದು ಗದರುತ್ತಾಳೆ.

ಕಾಯಿಲೆ ಬಿದ್ದ ಮೇಲೆ ಅವಳಿಗೆ ಯಾರೂ ಒಂದು ಕೆಲಸವನ್ನೂ ವಹಿಸಿರಲಿಲ್ಲ. ನಾನೂ ವಹಿಸಿರಲಿಲ್ಲ. ಈಗ ಬೆಳಗ್ಗೆ ನನಗಿಂತ ಮೊದಲೇ ಎಚ್ಚರವಾಗಿ, ನನ್ನ ಕೈಗಾಗಿ ಕಾಯುತ್ತಿರುತ್ತಾಳೆ.

ಸಿಸೆಲ್ ಅವರೇ, ಅದಕ್ಕಾಗಿ ನಾವಿಬ್ಬರೂ ನಿಮಗೆ ಋಣಿ. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲರಿಗೂ ವಂದನೆಗಳು. ನಮಸ್ಕಾರ.